ಕಲ್ಲಿದ್ದಲಿನ ಮಟ್ಟ ಎಷ್ಟಿದೆ?

2025ರ ಮಾರ್ಚ್ 20ರಂದು ದೇಶದಲ್ಲಿ ಒಂದು ದಾಖಲೆ ಆಯಿತು. ಒಂದೇ ಹಣಕಾಸು ವರ್ಷದಲ್ಲಿ ಭಾರತದ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ ನೂರು ಕೋಟಿ ಟನ್ ದಾಟಿತು. ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿಯುವಾಗ ಅದು ಸುಮಾರು 104.7 ಕೋಟಿ ಟನ್‌ಗೆ ಬಂದು ನಿಂತಿತು. ಚೀನಾ ಬಿಟ್ಟರೆ ಜಗತ್ತಿನಲ್ಲಿ ಇಷ್ಟು ಕಲ್ಲಿದ್ದಲು ತೆಗೆಯುವ ದೇಶ ಇನ್ನೊಂದಿಲ್ಲ.

ಈ ಸುದ್ದಿ ಓದಿದ ಮೇಲೆ ಫೋನ್ ಇನ್ ಕಾರ್ಯಕ್ರಮಕ್ಕೆ ಬೈಂದೂರು ತಾಲ್ಲೂಕಿನ ನಾವುಂದದಿಂದ ಒಬ್ಬ ಹಿರಿಯರು ಕರೆ ಮಾಡಿದ್ರು. ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಮಾರಾಯ್ರೆ, ನೂರು ಕೋಟಿ ಟನ್ ಅಂತ ಹೇಳ್ತ್ರಿ. ಹಂಗಾರೆ ನಮ್ಮೂರಂಗೆ ಕರೆಂಟ್ ಎಂತಕೆ ಹೋತ್ತ್?"

ಒಳ್ಳೆಯ ಪ್ರಶ್ನೆ. ಒಂದೇ ಮಾತಲ್ಲಿ ಉತ್ತರ ಕೊಟ್ಟು ಮುಗಿಸುವಂಥದ್ದಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಕರೆಂಟ್ ಹೋದರೆ ಅದಕ್ಕೆ ಕಲ್ಲಿದ್ದಲು ಕಾರಣ ಅಲ್ಲ. ಗಾಳಿಮಳೆಗೆ ಮರ ಬಿದ್ದಿರುತ್ತೆ, ತಂತಿ ತುಂಡಾಗಿರುತ್ತೆ, ಕಂಬ ವಾಲಿರುತ್ತೆ. ಮೆಸ್ಕಾಂನ ಲೈನ್‌ಮನ್ ಮಳೆಯಲ್ಲಿ ಕಂಬ ಹತ್ತಿದರೆ ಅದು ಸರಿಹೋಗುತ್ತೆ. ಆದರೆ ಬೇಸಿಗೆಯಲ್ಲಿ, ಆಕಾಶ ಶುಭ್ರವಾಗಿದ್ದಾಗ, ಸಂಜೆ ಏಳು ಗಂಟೆಗೆ ಕರೆಂಟ್ ಹೋಗಿ ಎಲ್ಲ ಊರಲ್ಲೂ ಒಟ್ಟಿಗೆ ಕತ್ತಲಾಯಿತು ಅಂದ್ರೆ, ಅದು ಬೇರೆ ರೋಗ. ಅದರ ಮೂಲ ಹುಡುಕುತ್ತಾ ಹೋದರೆ ಸಾವಿರ ಕಿಲೋಮೀಟರ್ ದೂರದ ಗಣಿಯ ಬಾಯಿಗೆ ಹೋಗಿ ಮುಟ್ಟುತ್ತೀರಿ.

ಕರ್ನಾಟಕದಲ್ಲಿ ಚಿನ್ನ ಇದೆ, ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ. ಕಲ್ಲಿದ್ದಲು ಮಾತ್ರ ಇಲ್ಲ. ಯಾಕೆ? ನಮ್ಮ ಬಂಡೆ ತೀರಾ ಹಳೆಯದು. ಕಲ್ಲಿದ್ದಲು ಅಂದ್ರೆ ಕೋಟ್ಯಂತರ ವರ್ಷಗಳ ಹಿಂದೆ ಜೌಗು ನೆಲದಲ್ಲಿ ಹೂತುಹೋದ ಕಾಡು. ಭಾರತದ ಕಲ್ಲಿದ್ದಲಿನ ಬಹುಪಾಲು 25ರಿಂದ 30 ಕೋಟಿ ವರ್ಷಗಳ ಹಿಂದಿನ ಗೊಂಡ್ವಾನ ಪದರಗಳಲ್ಲಿದೆ. ದಾಮೋದರ, ಮಹಾನದಿ, ಗೋದಾವರಿ ಕಣಿವೆಗಳುದ್ದಕ್ಕೂ ಆ ಪದರ ಹಾಸಿದೆ. ನಮ್ಮ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತಲೂ ಹಳೆಯವು. ಅವು ಹುಟ್ಟುವಾಗ ಭೂಮಿ ಮೇಲೆ ಮರ ಅನ್ನೋದೇ ಇರಲಿಲ್ಲ. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು? ಹಾಗಾಗಿ ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢ, ಪಶ್ಚಿಮ ಬಂಗಾಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳಿಗೆ ಸಿಕ್ಕ ಪಾಲು ನಮಗೆ ಸಿಗಲಿಲ್ಲ.

ಅದಕ್ಕೇ ನಮ್ಮ ರಾಜ್ಯ ಬಹಳ ವರ್ಷ ನೀರನ್ನೇ ನಂಬಿಕೊಂಡಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಹೋಯಿತು. ಆಮೇಲೆ ಜೋಗ, ಶರಾವತಿ, ಕಾಳಿ ಬಂದವು. ನಾವುಂದದವರಿಗೆ ಹತ್ತಿರದ್ದು ಅಂದ್ರೆ ವಾರಾಹಿ. ಹೊಸಂಗಡಿಯಲ್ಲಿ ನೆಲದಡಿ ಕೊರೆದು ಕಟ್ಟಿದ, 460 ಮೆಗಾವಾಟ್‌ನ ವಿದ್ಯುದಾಗಾರ. ಆದರೆ ಮಳೆ ಕೈಕೊಟ್ಟ ವರ್ಷ ರಾಜ್ಯವೇ ಕತ್ತಲಾಗುತ್ತಿತ್ತು. ಆ ಕತ್ತಲೆಗೆ ಉತ್ತರವಾಗಿ ಬಂದದ್ದು ರಾಯಚೂರಿನ ಶಾಖೋತ್ಪನ್ನ ಸ್ಥಾವರ. ಅದರ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಅಲ್ಲಿ 1,720 ಮೆಗಾವಾಟ್ ಸಾಮರ್ಥ್ಯ ಇದೆ. ಬಳ್ಳಾರಿ ಬಳಿಯ ಕುಡುತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600. ಈ ಮೂರೂ ರಾಜ್ಯದ ಕೆಪಿಸಿ ಬಳಗದವು. ಇದರ ಜೊತೆಗೆ ಎನ್‌ಟಿಪಿಸಿಯ ಕೂಡಗಿ 2,400, ಉಡುಪಿ ಜಿಲ್ಲೆಯ ಎಲ್ಲೂರಿನ ಖಾಸಗಿ ಸ್ಥಾವರ 1,200.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಪೆನ್ನು, ಕಾಗದ ಬೇಡ, ಬಾಯಿಲೆಕ್ಕ ಸಾಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಿಸಲು ಹೆಚ್ಚುಕಡಿಮೆ 700 ಗ್ರಾಂ ಬೇಕು. ನಿಮ್ಮ ಮನೆಯಲ್ಲಿ ತಿಂಗಳಿಗೆ 100 ಯೂನಿಟ್ ಖರ್ಚಾದರೆ, ಅದೆಲ್ಲ ಕಲ್ಲಿದ್ದಲಿನಿಂದಲೇ ಬಂತು ಅಂತ ಇಟ್ಟುಕೊಂಡರೆ, 70 ಕಿಲೋ. ಗೃಹಜ್ಯೋತಿಯ 200 ಯೂನಿಟ್ ಪೂರ್ತಿ ಬಳಸಿದರೆ 140 ಕಿಲೋ. ಅಂದ್ರೆ ಬಿಲ್ಲು ಸೊನ್ನೆ ಬಂದ ತಿಂಗಳೂ ಯಾರೋ ಎಲ್ಲೋ ನಿಮ್ಮ ಹೆಸರಲ್ಲಿ ಮೂರು ಮೂಟೆ ಕಲ್ಲಿದ್ದಲು ಸುಟ್ಟಿರುತ್ತಾರೆ.

ಅದೇ ಲೆಕ್ಕವನ್ನು ರಾಯಚೂರಿಗೆ ಹಾಕಿ. ಎಂಟೂ ಘಟಕ ಪೂರ್ತಿ ಓಡಿದರೆ ದಿನಕ್ಕೆ 29,000 ಟನ್ ಹತ್ತಿರ ಬೇಕು. ಒಂದು ಗೂಡ್ಸ್ ರೈಲಿಗೆ, ಇಲಾಖೆಯವರು ರೇಕ್ ಅಂತಾರೆ, ಸುಮಾರು 4,000 ಟನ್ ಹಿಡಿಯುತ್ತೆ. ಅಂದ್ರೆ ದಿನಕ್ಕೆ ಏಳು ರೈಲು. ಮೂರೂ ಸ್ಥಾವರ ಪೂರ್ತಿ ಓಡಿದರೆ ಹತ್ತಿರ ಹತ್ತಿರ ಇಪ್ಪತ್ತು ರೈಲು. ಇವತ್ತೂ, ನಾಳೆಯೂ, ನಾಡಿದ್ದೂ. ಭಾನುವಾರ ಇಲ್ಲ, ಹಬ್ಬ ಇಲ್ಲ.

ಈ ರೈಲುಗಳು ಎಲ್ಲಿಂದ ಬರಬೇಕು? ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದ ಗಣಿಗಳಿಂದ, ಒಡಿಶಾದ ತಾಲ್ಚೇರ್ ಕಡೆಯಿಂದ. ತಾಲ್ಚೇರ್‌ನಿಂದ ರಾಯಚೂರಿಗೆ ಹಳಿಯ ಮೇಲೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಮತ್ತೊಂದು ಸಂಗತಿ ನೋಡಿ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಜಾಸ್ತಿ, ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು. ಹಾಗಾಗಿ ಮೂರು ರೈಲು ಬಂದರೆ ಅದರಲ್ಲಿ ಒಂದು ರೈಲಿನಷ್ಟು ಬೂದಿಯನ್ನೇ ನಾವು ಬಾಡಿಗೆ ಕೊಟ್ಟು ತರಿಸಿಕೊಂಡ ಹಾಗಾಯಿತು.

ಈಗ ಆ ನೂರು ಕೋಟಿ ಟನ್ ವಿಷಯಕ್ಕೆ ಬನ್ನಿ. ಅದು ಸುಳ್ಳಲ್ಲ. ಸಾಧನೆಯೂ ಹೌದು. ಬಂಗಾಳದ ರಾಣಿಗಂಜ್‌ನಲ್ಲಿ 1774ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ಶುರುವಾದ ಗಣಿಗಾರಿಕೆ ಸುಮಾರು ಇನ್ನೂರು ವರ್ಷ ಬಹುಪಾಲು ಖಾಸಗಿಯವರ ಕೈಯಲ್ಲೇ ಇತ್ತು. ಸುಲಭವಾಗಿ ಸಿಕ್ಕಿದ್ದನ್ನು ಬಾಚಿಕೊಂಡು, ಕಾರ್ಮಿಕನ ಜೀವಕ್ಕೆ ಬೆಲೆ ಕೊಡದೆ ನಡೆದ ಕೆಲಸ. 1971ರಿಂದ 73ರ ನಡುವೆ ಇಂದಿರಾ ಗಾಂಧಿ ಸರಕಾರ ಗಣಿಗಳನ್ನು ಹಂತ ಹಂತವಾಗಿ ರಾಷ್ಟ್ರೀಕರಣ ಮಾಡಿತು. 1975ರ ನವೆಂಬರ್‌ನಲ್ಲಿ ಕೋಲ್ ಇಂಡಿಯಾ ಹುಟ್ಟಿತು. ಆ ವರ್ಷ ಅದರ ಉತ್ಪಾದನೆ 7.9 ಕೋಟಿ ಟನ್. 2024-25ರಲ್ಲಿ 78 ಕೋಟಿ ಟನ್. ಹತ್ತು ಪಟ್ಟು. ಆದರೆ ಒಂದು ಕಾಲಕ್ಕೆ ಆರು ಲಕ್ಷ ಮೀರಿದ್ದ ಅದರ ಕಾಯಂ ನೌಕರರ ಸಂಖ್ಯೆ ಈಗ ಎರಡೂಕಾಲು ಲಕ್ಷದ ಆಸುಪಾಸು. ಉಳಿದ ಕೆಲಸ ಯಾರು ಮಾಡ್ತಾರೆ? ಯಂತ್ರ ಮತ್ತು ಗುತ್ತಿಗೆ ಕಾರ್ಮಿಕರು.

ನಮ್ಮ ಕಣ್ಣಮುಂದೆ ಗಣಿ ಅಂದ ಕೂಡಲೇ ತಲೆಗೆ ದೀಪ ಕಟ್ಟಿಕೊಂಡು ಸುರಂಗಕ್ಕೆ ಇಳಿಯುವ ಮನುಷ್ಯ ಬರುತ್ತಾನೆ. ಈಗ ಹಾಗಿಲ್ಲ. ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 95 ಭಾಗ ತೆರೆದ ಗಣಿಗಳಿಂದ ಬರುತ್ತದೆ. ಕಾಡು ಕಡಿದು, ಮಣ್ಣು ತೆಗೆದು, ಬಂಡೆ ಸಿಡಿಸಿ, ಊರಷ್ಟು ದೊಡ್ಡ ಗುಂಡಿ ತೋಡುವುದು. ಛತ್ತೀಸ್‌ಗಢದ ಕೊರ್ಬಾ ಬಳಿಯ ಗೇವ್ರಾ ಗಣಿಯೊಂದೇ 2023-24ರಲ್ಲಿ 5.9 ಕೋಟಿ ಟನ್ ಕೊಟ್ಟಿದೆ. ಇಂಥ ಗುಂಡಿಗೆ ದೊಡ್ಡ ಶತ್ರು ಯಾರು ಗೊತ್ತಾ? ಮಳೆ. ಮಳೆಗಾಲದಲ್ಲಿ ಗುಂಡಿ ತುಂಬುತ್ತೆ, ಲಾರಿ ಓಡೋ ದಾರಿ ಕೆಸರಾಗುತ್ತೆ, ಕಲ್ಲಿದ್ದಲು ಒದ್ದೆಯಾಗುತ್ತೆ. ಪ್ರತಿ ವರ್ಷ ಜುಲೈನಿಂದ ಸೆಪ್ಟೆಂಬರ್ ತನಕ ಉತ್ಪಾದನೆ ಕುಸಿಯುವುದು ಇದೇ ಕಾರಣಕ್ಕೆ.

ಇಲ್ಲೇ ಇರೋದು ವಿಷಯದ ತಿರುಳು. 2021ನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ಮಾರ್ಚ್ ಕೊನೆಗೆ ಕೋಲ್ ಇಂಡಿಯಾದ ಗಣಿಗಳ ಬಾಯಲ್ಲಿ ಸುಮಾರು 10 ಕೋಟಿ ಟನ್ ಕಲ್ಲಿದ್ದಲು ಗುಡ್ಡೆ ಬಿದ್ದಿತ್ತು. ಕೊಳ್ಳುವವರಿಲ್ಲ ಅನ್ನುವ ಸ್ಥಿತಿ. ಆರೇ ತಿಂಗಳು. ಅಕ್ಟೋಬರ್‌ನಲ್ಲಿ ದೇಶದ ವಿದ್ಯುತ್ ಸ್ಥಾವರಗಳಲ್ಲಿ ಸರಾಸರಿ ನಾಲ್ಕು ದಿನದ ದಾಸ್ತಾನು ಉಳಿಯಿತು! ರಾಯಚೂರಿನಲ್ಲೂ ಬಳ್ಳಾರಿಯಲ್ಲೂ ಘಟಕಗಳನ್ನು ನಿಲ್ಲಿಸಿ ದಿನ ಎಣಿಸುವ ಹಾಗಾಯಿತು. ಗಣಿ ಬತ್ತಿತ್ತಾ? ಇಲ್ಲ. ಕೋವಿಡ್ ನಂತರ ಬೇಡಿಕೆ ಒಮ್ಮೆಲೇ ಏರಿತು. ಬೇಸಿಗೆಯಲ್ಲೇ ತರಿಸಿಟ್ಟುಕೊಳ್ಳಬೇಕಿದ್ದ ಸ್ಥಾವರಗಳು ತರಿಸಿಕೊಂಡಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಗಣಿ ಪ್ರದೇಶದಲ್ಲಿ ಭಾರೀ ಮಳೆ ಸುರಿಯಿತು. ವಿದೇಶಿ ಕಲ್ಲಿದ್ದಲಿನ ಬೆಲೆ ಗಗನಕ್ಕೇರಿ, ಅದನ್ನು ನಂಬಿದ ಸ್ಥಾವರಗಳು ಕೈಚೆಲ್ಲಿದವು. ಎಲ್ಲರೂ ಒಟ್ಟಿಗೆ ದೇಶದ ಗಣಿಗಳತ್ತ ಓಡಿದರು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿಕೊಳ್ಳದ ಮನೆಯ ಕಥೆ ಇದು. ಕಾಡಲ್ಲಿ ಮರ ಇದ್ದರೇನು, ಒಲೆ ಪಕ್ಕ ಒಣ ಸೌದೆ ಇರಬೇಕಲ್ವಾ?

ಮರುವರ್ಷ, 2022ರ ಏಪ್ರಿಲ್, ಮೇನಲ್ಲಿ ಇನ್ನೊಂದು ಮುಖ ಕಾಣಿಸಿತು. ಕಲ್ಲಿದ್ದಲು ಇತ್ತು, ಸಾಗಿಸಲು ಹಳಿ ಖಾಲಿ ಇರಲಿಲ್ಲ. ಉತ್ತರ ಮತ್ತು ಮಧ್ಯ ಭಾರತದಲ್ಲಿ ನೂರಾರು ಪ್ರಯಾಣಿಕ ರೈಲುಗಳನ್ನು ರದ್ದು ಮಾಡಿ ಕಲ್ಲಿದ್ದಲಿನ ರೈಲಿಗೆ ದಾರಿ ಬಿಟ್ಟರು.

ಅದಕ್ಕೇ ನಾನು ಹೇಳೋದು, ಉತ್ಪಾದನೆ ಅನ್ನೋದು ಅರ್ಧ ಸುದ್ದಿ. ಗಣಿಯಿಂದ ತೆಗೆಯಬೇಕು, ರೈಲು ಸಿಗಬೇಕು, ಹಣ ಕಟ್ಟಬೇಕು, ಅಂಗಳದಲ್ಲಿ ಸಂಗ್ರಹಿಸಬೇಕು. ನಾಲ್ಕರಲ್ಲಿ ಒಂದು ಕೊಂಡಿ ಕಳಚಿದರೂ ನಾವುಂದದ ಮನೆಯ ದೀಪ ಆರುತ್ತದೆ.

ಹಣದ ಕೊಂಡಿ ಎಲ್ಲಕ್ಕಿಂತ ಸಡಿಲ. ಊರಿನ ಬೀದಿದೀಪ, ಕುಡಿಯುವ ನೀರಿನ ಪಂಪಿನ ಬಿಲ್ಲನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಇಡುತ್ತವೆ. ರೈತರ ಪಂಪ್‌ಸೆಟ್ಟಿನ ಸಬ್ಸಿಡಿ ಹಣ ಸರಕಾರದಿಂದ ತಡವಾಗಿ ಬರುತ್ತದೆ. ಆಗ ಎಸ್ಕಾಂಗಳು ಕೆಪಿಸಿಗೆ ಬಾಕಿ ಇಡುತ್ತವೆ. ಕೆಪಿಸಿ ಕಲ್ಲಿದ್ದಲು ಕಂಪನಿಗೆ ಬಾಕಿ ಇಡುತ್ತದೆ. ಕೊರತೆ ಬಂದ ದಿನ ಗಣಿಯವರು ಯಾರಿಗೆ ಮೊದಲು ರೈಲು ಕಳಿಸ್ತಾರೆ? ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಗೊತ್ತಿರುವ ಎಲ್ಲರಿಗೂ ಇದರ ಉತ್ತರ ಗೊತ್ತು.

ಹಾಗಾದರೆ ನಮ್ಮದೇ ಒಂದು ಗಣಿ ಇಟ್ಟುಕೊಳ್ಳಬಹುದಲ್ಲ ಅಂತೀರಾ? ಇಟ್ಟುಕೊಂಡಿದ್ದೆವು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ ಬರಾಂಜ್ ಅನ್ನುವ ಜಾಗ. ನಮ್ಮ ಶಿವಮೊಗ್ಗದ ಭದ್ರಾವತಿ ಅಲ್ಲ, ಹೆಸರು ಮಾತ್ರ ಒಂದೇ. ಅಲ್ಲಿನ ಗಣಿಯಿಂದ ಬಳ್ಳಾರಿ ಸ್ಥಾವರಕ್ಕೆ ಕಲ್ಲಿದ್ದಲು ಬರುತ್ತಿತ್ತು. ಅಷ್ಟರಲ್ಲಿ ಕಲ್ಲಿದ್ದಲು ಹಗರಣ ಸ್ಫೋಟವಾಯಿತು. 2012ರಲ್ಲಿ ಸಿಎಜಿ ವರದಿ ಬಂತು. ಹರಾಜಿಲ್ಲದೆ ಗಣಿ ಹಂಚಿದ್ದರಿಂದ ಪಡೆದವರಿಗೆ 1.86 ಲಕ್ಷ ಕೋಟಿ ರೂಪಾಯಿ ಲಾಭ ಅಂತ ಅದರ ಅಂದಾಜು. 2014ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟ್ 218ರಲ್ಲಿ 214 ಹಂಚಿಕೆಗಳನ್ನು ರದ್ದು ಮಾಡಿತು. ತೆಗೆದ ಪ್ರತಿ ಟನ್‌ಗೆ 295 ರೂಪಾಯಿ ದಂಡವನ್ನೂ ಹಾಕಿತು. ನಮ್ಮ ಬರಾಂಜ್ ಕೂಡ ಆ ಪಟ್ಟಿಯಲ್ಲಿ ಹೋಯಿತು. 2015ರಲ್ಲಿ ಅದೇ ಗಣಿ ಮತ್ತೆ ಕೆಪಿಸಿಗೆ ಸಿಕ್ಕಿತು, ಆದರೆ ಕೆಲಸ ಪುನಃ ಶುರುವಾಗಲು ವರ್ಷಗಳೇ ಹಿಡಿದವು. ಹಂಚಿಕೆಯ ತಪ್ಪಿಗೆ ಕೋರ್ಟು ಕೊಟ್ಟ ತೀರ್ಪು ಸರಿ. ಆದರೆ ಆ ನಡುವೆ ಬಳ್ಳಾರಿಯ ಬಾಯ್ಲರಿಗೆ ಬೇರೆ ಕಡೆಯಿಂದ ಕಲ್ಲಿದ್ದಲು ಹುಡುಕಿ ತರಬೇಕಾಯಿತು.

ಇನ್ನು ಕರಾವಳಿಯ ಕಥೆ. ನಾವುಂದದ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಕೊಂಕಣ ರೈಲಿನ ಹಳಿ. ಇದೇ ಹಳಿಯಲ್ಲಿ ದಕ್ಷಿಣಕ್ಕೆ ಹೋದರೆ ಪಡುಬಿದ್ರಿ. ಪಣಂಬೂರಿನ ಬಂದರಿನಲ್ಲಿ ಹಡಗಿನಿಂದ ಇಳಿದ ವಿದೇಶಿ ಕಲ್ಲಿದ್ದಲು ರೈಲಿನಲ್ಲಿ ಅಲ್ಲಿಗೆ ಬಂದು ಎಲ್ಲೂರಿನ ಸ್ಥಾವರ ಸೇರುತ್ತದೆ. ಇಷ್ಟೊಂದು ದೇಶದಲ್ಲೇ ಇರುವಾಗ ಹೊರಗಿನದು ಯಾಕೆ? ಗಣಿ ದೂರ, ಬಂದರು ಹತ್ತಿರ. ಹೊರಗಿನದರಲ್ಲಿ ಬೂದಿ ಕಡಿಮೆ. ಸ್ಥಾವರವನ್ನೇ ಆಮದು ಕಲ್ಲಿದ್ದಲಿಗೆ ತಕ್ಕಂತೆ ಕಟ್ಟಿದ್ದಾರೆ. ಉಕ್ಕಿನ ಕಾರ್ಖಾನೆಯದ್ದು ಬೇರೆ ಕಾರಣ. ತೋರಣಗಲ್ಲಿನಂಥ ಕಡೆ ಬೇಕಾದ ಕೋಕಿಂಗ್ ಕಲ್ಲಿದ್ದಲು ನಮ್ಮಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಸಾಕಷ್ಟು ಸಿಗುವುದಿಲ್ಲ. ಹೀಗಾಗಿ ದಾಖಲೆ ಬರೆದ 2024-25ರಲ್ಲೂ ದೇಶ 24 ಕೋಟಿ ಟನ್ ಆಮದು ಮಾಡಿಕೊಂಡಿದೆ.

ಹೊರಗಿನವರನ್ನು ನಂಬಿದರೆ ಏನಾಗುತ್ತೆ ಅಂತ 2022 ತೋರಿಸಿತು. ಜನವರಿಯಲ್ಲಿ ಇಂಡೋನೇಷ್ಯಾ ಕೆಲಕಾಲ ರಫ್ತು ನಿಲ್ಲಿಸಿತು. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಒಂದು ಟನ್ ಕಲ್ಲಿದ್ದಲಿನ ಅಂತರರಾಷ್ಟ್ರೀಯ ಬೆಲೆ 400 ಡಾಲರ್ ದಾಟಿತು. ಯುದ್ಧ ಆದದ್ದು ಅಲ್ಲಿ, ಯೂನಿಟ್ ದುಬಾರಿಯಾದದ್ದು ಎಲ್ಲೂರಿನಲ್ಲಿ. ಸ್ಥಾವರ ನಿಂತಿದ್ದರೂ ಒಪ್ಪಂದದ ಪ್ರಕಾರ ನಿಗದಿ ಶುಲ್ಕ ಕೊಡಲೇಬೇಕು. ಖಾಲಿ ನಿಂತ ಬಾಡಿಗೆ ಮನೆಗೆ ಬಾಡಿಗೆ ಕಟ್ಟಿದ ಹಾಗೆ. ಅದು ಕೊನೆಗೆ ಬಂದು ಸೇರುವುದು ಗ್ರಾಹಕರ ಲೆಕ್ಕಕ್ಕೇ.

ಬೆಲೆ ರೂಪಾಯಿಯಲ್ಲಿ ಮಾತ್ರ ಇರುವುದಿಲ್ಲ. ನಂದಿಕೂರಿಗೆ ಬರಬೇಕಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಜನರ ಹೋರಾಟ, ಕೋರ್ಟು ಕೇಸುಗಳ ನಡುವೆ 1999ರಲ್ಲಿ ಹಿಂದೆ ಸರಿಯಿತು. ಆಮೇಲೆ ಅದೇ ಪ್ರದೇಶದಲ್ಲಿ ಬೇರೆ ಸ್ಥಾವರ ಎದ್ದು, 2010ರಲ್ಲಿ ಮೊದಲ ಘಟಕ ಶುರುವಾಯಿತು. ಬೂದಿ ಹಾರುತ್ತದೆ, ಬಾವಿ ನೀರು ಉಪ್ಪಾಗಿದೆ, ಮಲ್ಲಿಗೆ ಗಿಡ ಹಾಳಾಗಿದೆ ಅಂತ ಸುತ್ತಲಿನ ಊರಿನವರು ವರ್ಷಗಟ್ಟಲೆ ದೂರಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾವರಕ್ಕೆ 50 ಕೋಟಿ ರೂಪಾಯಿಗೂ ಹೆಚ್ಚು ಪರಿಸರ ಪರಿಹಾರ ವಿಧಿಸಿತು. ಅದೇ ವರ್ಷ ಕೊಂಕಣ ರೈಲು ಪೂರ್ತಿ ವಿದ್ಯುದೀಕರಣವಾಯಿತು. ನಾವುಂದದ ಹಿಂದೆ ಹಾದುಹೋಗುವ ಇಂಜಿನ್ ಈಗ ಹೊಗೆ ಬಿಡುವುದಿಲ್ಲ. ಒಳ್ಳೆಯದೇ. ಆದರೆ ಹೊಗೆ ಮಾಯವಾಗಿಲ್ಲ, ಜಾಗ ಬದಲಿಸಿದೆ. ರಾಯಚೂರಿನ ಶಕ್ತಿನಗರದಲ್ಲೋ, ಕೂಡಗಿಯಲ್ಲೋ ಅದನ್ನು ಇನ್ಯಾರೋ ಉಸಿರಾಡುತ್ತಿರುತ್ತಾರೆ.

ಗಣಿಯ ಬಾಯಲ್ಲಿರುವವರ ಪಾಡು ಇನ್ನೂ ಕಠಿಣ. ಜಾರ್ಖಂಡ್‌ನ ಝರಿಯಾದಲ್ಲಿ 1916ರಿಂದ ನೆಲದೊಳಗೆ ಬೆಂಕಿ ಉರಿಯುತ್ತಿದೆ, ಮೇಲೆ ಜನ ವಾಸವಿದ್ದಾರೆ. 1975ರ ಡಿಸೆಂಬರ್ 27ರಂದು ಚಾಸ್ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತರು. 2018ರಲ್ಲಿ ಮೇಘಾಲಯದ ಇಲಿಬಿಲದಂಥ ಗಣಿಯಲ್ಲಿ ಹದಿನೈದು ಮಂದಿ ಸಿಕ್ಕಿಬಿದ್ದರು. 2025ರ ಜನವರಿಯಲ್ಲಿ ಅಸ್ಸಾಂನ ಉಮ್ರಾಂಗ್ಸೊದಲ್ಲಿ ಮತ್ತೆ ಅದೇ. ಕಾನೂನು ಪ್ರಕಾರ ಆ ಗಣಿಗಳೇ ಇರಬಾರದು, ಮೇಘಾಲಯದಲ್ಲಂತೂ 2014ರಲ್ಲೇ ಹಸಿರು ನ್ಯಾಯಮಂಡಳಿ ನಿಷೇಧಿಸಿದೆ. ವಿಚಿತ್ರ ನೋಡಿ, 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಸಿಲುಕಿದ 41 ಮಂದಿಯನ್ನು ಹೊರಗೆ ತರಲು ಯಂತ್ರ ಸೋತಾಗ, ಕೊನೆಯ ಕೆಲವು ಮೀಟರ್ ಕೈಯಿಂದ ತೋಡಿದ್ದು ಇಂಥದ್ದೇ ಇಲಿಬಿಲ ವಿಧಾನ ಬಲ್ಲ ಕಾರ್ಮಿಕರೇ.

ಹಾಗಂತ ಕಲ್ಲಿದ್ದಲು ನಾಳೆಯೇ ಬಿಟ್ಟುಬಿಡೋಣ ಅನ್ನೋಕಾಗಲ್ಲ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ, ಗಾಳಿ ವಿದ್ಯುತ್ ಇದೆ, ಪಕ್ಕದ ಕೈಗಾದಲ್ಲಿ ಅಣು ವಿದ್ಯುತ್ ಇದೆ. ಹಗಲು ಸೂರ್ಯ ಕೊಡುತ್ತಾನೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೇ ಮನೆಮನೆಯಲ್ಲೂ ದೀಪ, ಫ್ಯಾನ್, ಟಿವಿ ಶುರು. ಗಂಗೊಳ್ಳಿ ಬಂದರಿಗೆ ಬರುವ ಮೀನಿಗೆ ಐಸ್ ಪ್ಲಾಂಟ್ ರಾತ್ರಿಯಿಡೀ ಓಡಬೇಕು. ಮಂಜುಗಡ್ಡೆ ಇಲ್ಲದಿದ್ದರೆ ಹಿಡಿದ ಮೀನು ಬೆಳಗಾಗುವುದರೊಳಗೆ ಗೊಬ್ಬರ. ಆ ಸಂಜೆ, ರಾತ್ರಿಯ ಹೊರೆ ಹೊರೋದು ಈಗಲೂ ಅಣೆಕಟ್ಟಿನ ನೀರು ಮತ್ತು ಕಲ್ಲಿದ್ದಲು. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯ ತುಂಬಲಿಲ್ಲ. ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕು ಅಂತ ಆದೇಶಿಸಬೇಕಾಯಿತು. ನೀರು ಸೋತ ವರ್ಷ ಕಲ್ಲಿದ್ದಲೂ ಕೈಯಲ್ಲಿಲ್ಲದಿದ್ದರೆ ಏನು ಗತಿ?

ಆದ್ದರಿಂದ ನನ್ನ ಮಾತು ಒಂದೇ. ನಾವು ಬೇಸಿಗೆ ಬಂತು ಅಂದ್ರೆ ಕೆಆರ್‌ಎಸ್ ಮಟ್ಟ ಎಷ್ಟು, ಲಿಂಗನಮಕ್ಕಿ ಮಟ್ಟ ಎಷ್ಟು ಅಂತ ಪೇಪರಿನಲ್ಲಿ ನೋಡುತ್ತೇವೆ. ನೀರು ಇಳಿದರೆ ಪ್ರಶ್ನೆ ಮಾಡುತ್ತೇವೆ. ಕಲ್ಲಿದ್ದಲಿಗೂ ಒಂದು ಮಟ್ಟ ಇದೆ. ಗಣಿಯಿಂದ ದೂರದಲ್ಲಿರುವ ಸ್ಥಾವರಗಳ ಅಂಗಳದಲ್ಲಿ ಕಾಲಕ್ಕೆ ತಕ್ಕಂತೆ 20ರಿಂದ 26 ದಿನದ ದಾಸ್ತಾನು ಇರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೇ ಇದೆ. ತೀರಾ ಹೆಚ್ಚು ಗುಡ್ಡೆ ಹಾಕುವಂತೆಯೂ ಇಲ್ಲ, ಕಲ್ಲಿದ್ದಲು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಯಾವ ಸ್ಥಾವರದಲ್ಲಿ ಎಷ್ಟು ದಿನದ್ದು ಉಳಿದಿದೆ ಅನ್ನುವ ಲೆಕ್ಕವನ್ನು ಪ್ರಾಧಿಕಾರ ದಿನವೂ ಪ್ರಕಟಿಸುತ್ತದೆ. ಗುಟ್ಟೇನಿಲ್ಲ. ನೋಡುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ.

ಫೆಬ್ರವರಿಯಲ್ಲೇ ಕೇಳಬೇಕು. ರಾಯಚೂರಿನಲ್ಲಿ ಎಷ್ಟು ದಿನದ್ದಿದೆ, ಬಳ್ಳಾರಿಯಲ್ಲಿ ಎಷ್ಟು, ದಿನಕ್ಕೆ ಎಷ್ಟು ರೈಲು ಬರ್ತಾ ಇದೆ, ಗಣಿಗೆ ಕಟ್ಟಬೇಕಾದ ಬಾಕಿ ಎಷ್ಟು? ಶಾಸಕರು ಸದನದಲ್ಲಿ ಕೇಳಲಿ. ಏಪ್ರಿಲ್‌ನಲ್ಲಿ ಕರೆಂಟ್ ಹೋದ ಮೇಲೆ ಮಂತ್ರಿ ದೆಹಲಿಗೆ ವಿಮಾನ ಹತ್ತುವುದಕ್ಕಿಂತ, ಫೆಬ್ರವರಿಯಲ್ಲಿ ಒಂದು ಚೆಕ್ಕು ಸರಿಯಾದ ಹೊತ್ತಿಗೆ ಹೋದರೆ ಹೆಚ್ಚು ಬೆಳಕು ಬರುತ್ತದೆ. ದೇಶದ ನೂರು ಕೋಟಿ ಟನ್‌ಗೆ ಚಪ್ಪಾಳೆ ತಟ್ಟೋಣ. ಆದರೆ ದಾಖಲೆಯನ್ನು ಬಾಯ್ಲರಿಗೆ ಹಾಕಿ ಉರಿಸೋಕಾಗಲ್ಲ. ಅಲ್ಲಿ ಉರಿಯುವುದು ಅಂಗಳದಲ್ಲಿರುವ ಕಲ್ಲಿದ್ದಲು ಮಾತ್ರ.